ಮಂಗಳವಾರ ನಾಗಣಸೂರಿಗೆ ಹೋದದ್ದು ಯಾರು?

ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ನಾನು ನಂಬಿದವಳಲ್ಲ. ಓದುತ್ತಿರುವಾಗಲೇ, ಈಕೆಗೆ ನಿದ್ದೆ ಕಡಿಮೆಯಾಗಿರಬೇಕು, ಈತನಿಗೆ ಜ್ವರ ನೆತ್ತಿಗೇರಿರಬೇಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ಪುಟ ಮಗುಚುತ್ತಿದ್ದೆ. ಅದು ನನ್ನ ಕೆಲಸದಿಂದ ಬಂದ ಚಾಳಿ. ಮೂವತ್ತು ವರ್ಷ ನರ್ಸ್ ಆಗಿದ್ದವಳು ನಾನು. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಮನಸ್ಸಿನ ಕಾಯಿಲೆಯವರ ನಡುವೆ. ಗೋಡೆಯ ಜೊತೆ ಜಗಳವಾಡುವವರನ್ನು, ಸತ್ತುಹೋದ ಗಂಡನನ್ನು ಊಟಕ್ಕೆ ಕರೆಯುವವರನ್ನು ಹತ್ತಿರದಿಂದ ನೋಡಿದ್ದೇನೆ. ಅವರ ಸಂಕಟ ನಿಜವಾದದ್ದು. ದೆವ್ವ ಮಾತ್ರ ನನಗೆ ಎಲ್ಲಿಯೂ ಸಿಗಲಿಲ್ಲ.

ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಇದರಲ್ಲಿ ಒಂದು ಸಂಗತಿಯನ್ನು ನಾನು ವಿವರಿಸಲಾರೆ. ಉಳಿದದ್ದನ್ನೆಲ್ಲ ಚೆನ್ನಾಗಿ ವಿವರಿಸಬಲ್ಲೆ, ಮತ್ತು ಅದನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಐವತ್ತರ ದಶಕದ ನಡುವಿನ ಮಾತು. ಸೊಲ್ಲಾಪುರದ ಒಂದು ದವಾಖಾನೆಯಲ್ಲಿ ನಾನು ಹೊಸದಾಗಿ ಸೇರಿದ್ದೆ. ಹೆಸರು ಹೇಳುವುದಿಲ್ಲ. ಅದರ ಹಿಂಬದಿಯಲ್ಲಿ ಎಂಟು ಕೋಣೆಗಳ ಒಂದು ವಾರ್ಡಿತ್ತು. ತಲೆ ಕೆಟ್ಟವರೆಂದು ಪೊಲೀಸರು ಹಿಡಿದು ತಂದವರನ್ನು ಅಲ್ಲಿ ಹತ್ತು ದಿನ ಇಟ್ಟು ನೋಡುತ್ತಿದ್ದರು. ನೋಡುತ್ತಿದ್ದರು ಎಂಬುದು ಕಾಗದದ ಮಾತು. ಕಬ್ಬಿಣದ ಬಾಗಿಲು ಹಾಕಿ, ವಾಸನೆಯ ಔಷಧಿ ಕುಡಿಸಿ ಮಲಗಿಸುತ್ತಿದ್ದರು. ಹತ್ತನೆಯ ದಿನ ಡಾಕ್ಟರು ಒಂದು ಅಭಿಪ್ರಾಯ ಬರೆಯಬೇಕು. ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬಿದ್ದರೆ ರೋಗಿಯನ್ನು ರೈಲು ಹತ್ತಿಸಿ ದೂರದ ಹುಚ್ಚರ ಆಸ್ಪತ್ರೆಗೆ ಕಳಿಸುತ್ತಿದ್ದರು. ಹಾಗೆ ಹೋದವರಲ್ಲಿ ಒಬ್ಬರೂ ಮರಳಿ ಬಂದದ್ದನ್ನು ನಾನು ಅಲ್ಲಿದ್ದಷ್ಟು ಕಾಲ ಕಾಣಲಿಲ್ಲ.

ನಮ್ಮ ಮನೆ ವಿಜಾಪುರ ರಸ್ತೆಯಲ್ಲಿತ್ತು. ತಂದೆಯದು ಕಾಳುಕಡಿ ಅಂಗಡಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ನಾನು ಓದಿದ್ದು ಮರಾಠಿ ಶಾಲೆಯಲ್ಲಿ, ನರ್ಸಿಂಗ್ ಕಲಿತದ್ದು ಮರಾಠಿ ಮತ್ತು ಇಂಗ್ಲಿಷಿನಲ್ಲಿ. ದವಾಖಾನೆಯ ಗೇಟಿನೊಳಗೆ ಕಾಲಿಟ್ಟ ಕೂಡಲೇ ನನ್ನ ಕಿವಿ ತಾನಾಗಿಯೇ ಮರಾಠಿಗೆ ತಿರುಗಿಕೊಳ್ಳುತ್ತಿತ್ತು. ಯಾವ ಊರು ಯಾವ ಪ್ರಾಂತ್ಯಕ್ಕೆ ಸೇರಬೇಕು, ಯಾವ ಭಾಷೆಗೆ ಸೇರಬೇಕು ಎಂದು ಚೌಕದಲ್ಲಿ ದಿನವೂ ಭಾಷಣ ನಡೆಯುತ್ತಿದ್ದ ದಿನಗಳವು. ಎರಡೂ ಕಡೆಯವರು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಆ ಚೌಕದಿಂದ ಕೂಗಳತೆಯಲ್ಲಿದ್ದ ನಮ್ಮ ವಾರ್ಡಿನಲ್ಲಿ ಒಬ್ಬ ಹೆಂಗಸು ಏನು ಹೇಳುತ್ತಿದ್ದಾಳೆಂದು ಒಬ್ಬರೂ ಕೇಳಲಿಲ್ಲ.

ಆಕೆಯನ್ನು ಅಕ್ಕಲಕೋಟೆಯಿಂದ ಒಂದು ಗುರುವಾರ ಸಂಜೆ ತಂದರು. ವಯಸ್ಸು ಇಪ್ಪತ್ತೈದರ ಆಸುಪಾಸು, ಕುರಿ ಕಾಯುವವರ ಉಡುಗೆ, ಕೆದರಿದ ಕೂದಲು. ಎದೆಹಾಲು ಸೋರಿ ಕುಪ್ಪಸ ಗಟ್ಟಿಯಾಗಿತ್ತು. ಅದನ್ನು ನಾನು ನೋಡಿದೆ. ನೋಡಿ ಕೂಸು ಎಲ್ಲಿ ಎಂದು ಕೇಳಲಿಲ್ಲ, ಕುಪ್ಪಸ ಬದಲಿಸಿದೆ. ಪೊಲೀಸರ ಕಾಗದದಲ್ಲಿ ಬರೆದದ್ದು ಇಷ್ಟು: ಕುರಿಸಂತೆಯಲ್ಲಿ ಕಂಡವರ ಕುರಿಗಳನ್ನು ತಬ್ಬಿ ಹಿಡಿಯುತ್ತಾಳೆ, ಬಿಡಿಸಲು ಹೋದ ವ್ಯಾಪಾರಿಯ ಕೈ ಕಚ್ಚಿದ್ದಾಳೆ, ‘ಮರೀ, ಮಾರೀನ’ ಎಂದು ಬಿಡದೆ ಕೂಗುತ್ತಾಳೆ, ಹೆಸರು ಮಾಯವ್ವ, ಊರು ಗೊತ್ತಿಲ್ಲ.

ಮರಾಠಿಯಲ್ಲಿ ಮರೀ ಎಂದರೆ ವಾಂತಿಭೇದಿಯ ದೇವಿ. ಮಾರೀನ ಎಂದರೆ ಹೊಡೆಯುತ್ತೇನೆ, ಕೊಲ್ಲುತ್ತೇನೆ. ಡಾಕ್ಟರು ಪುಣೆಯ ಕಡೆಯವರು. ಕಾಗದ ಓದಿದರು, ಬಾಗಿಲ ಸರಳಿನಾಚೆ ನಿಂತು ಎರಡು ನಿಮಿಷ ಆಕೆಯ ಕೂಗು ಕೇಳಿದರು, ‘ತನ್ನನ್ನು ಮರೀದೇವಿ ಎಂದುಕೊಂಡಿದ್ದಾಳೆ, ಕೊಲ್ಲುವುದಾಗಿ ಬೆದರಿಸುತ್ತಾಳೆ, ಅಪಾಯಕಾರಿ’ ಎಂದು ಬರೆದರು. ಕೆಟ್ಟ ಮನುಷ್ಯರಲ್ಲ ಅವರು. ಬಡವರಿಂದ ಒಂದು ಬಾಳೆಹಣ್ಣನ್ನೂ ಮುಟ್ಟುತ್ತಿರಲಿಲ್ಲ. ಆದರೆ ಬರೆದಾದ ಮೇಲೆ ಅವರ ಮಟ್ಟಿಗೆ ರೋಗಿ ಮುಗಿದಂತೆ.

ಮುಂದಿನ ಮಂಗಳವಾರದ ಮಧ್ಯಾಹ್ನವನ್ನು ನಿಧಾನವಾಗಿ ಹೇಳಬೇಕು. ರೌಂಡಿಗೆ ಬಂದ ಡಾಕ್ಟರ ಕೋಟನ್ನು ಮಾಯವ್ವ ಸರಳಿನ ಸಂದಿಯಿಂದ ಹಿಡಿದೆಳೆದಳು. ಗುಂಡಿಯೊಂದು ಕಿತ್ತುಬಂತು. ನರ್ಸುಗಳ ಮೇಲ್ವಿಚಾರಕಿ ಮೇಟ್ರನ್ ಬಾಯಿ ನನ್ನತ್ತ ತಿರುಗಿ, “ಸಾಂಭಾಳೂನ, ಸಿಸ್ಟರ್! ಮಾರೀಲ ತೀ,” ಎಂದರು. ಜೋಪಾನ, ಹೊಡೆದಾಳು ಎಂದು. ಕೈ ಕಟ್ಟಲು ಹೇಳಿದರು. ಕಟ್ಟಿದವಳು ನಾನು. ಬಟ್ಟೆಯ ಪಟ್ಟಿ ತೆಗೆದುಕೊಂಡು, ಆಕೆಯ ಎರಡು ಮಣಿಕಟ್ಟುಗಳನ್ನು ಮಂಚದ ಕಬ್ಬಿಣಕ್ಕೆ ಬಿಗಿದೆ. ವಾರ್ಡಿನ ಪುಸ್ತಕದಲ್ಲಿ ಹನ್ನೆರಡೂವರೆ ಎಂದು ವೇಳೆ ಬರೆದು ಸಹಿ ಮಾಡಿದೆ. ಆಮೇಲೆ ಹೋಗಿ ಊಟ ಮಾಡಿದೆ. ಕನ್ನಡ ಮನೆಯಲ್ಲಿ ಹುಟ್ಟಿದ ನಾನು ಐದು ದಿನದಿಂದ ಆಕೆಯ ಮಾತನ್ನು ಮರಾಠಿಯ ಕಿವಿಯಿಂದ ಕೇಳುತ್ತಿದ್ದೆ.

ಗುರುವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಿದ್ದೆ. ದಿನವೂ ಬರುವ ಮೊಸರಿನಾಕೆ ಅಂದು ತಡವಾಗಿ ಬಂದು ಖಾಲಿ ಗಡಿಗೆಯನ್ನು ಕಟ್ಟೆಯ ಮೇಲೆ ಇಟ್ಟು ಕೂತಳು. ಅವ್ವ ಒಳಗಿನಿಂದ ಪಾತ್ರೆ ತಂದರೆ ಆಕೆ ನಗುತ್ತ, “ಇವತ್ತ ಇಲ್ಲ ಬಿಡ್ರಿ ಅಕ್ಕಾರ, ಎಲ್ಲಾ ಮಾರೀನಿ,” ಎಂದಳು.

“ನಮ್ಮ ಮನಿ ಬಿಟ್ಟು ಊರಿಗೆಲ್ಲಾ ಹಾಕಿ ಬಂದೇನವಾ? ಚಲೋ ಆತು, ಇವತ್ತ ನಿನ್ನ ಮಾರಿನ ನೋಡಕೋತ ಉಣತೀವಿ,” ಎಂದಳು ಅವ್ವ.

ನಮ್ಮ ಮಾತಿನಲ್ಲಿ ಮಾರಿ ಎಂದರೆ ಮುಖ. ಅವರಿಬ್ಬರೂ ನಗುತ್ತಿದ್ದರು. ನಾನು ಚಪ್ಪಲಿಯಲ್ಲಿ ಒಂದು ಕಾಲು ಇಟ್ಟವಳು ಹಾಗೆಯೇ ನಿಂತೆ. ಎಲ್ಲಾ ಮಾರೀನಿ. ಮಾರಿದ್ದೇನೆ. ಮರಿ ಮಾರೀನಿ. ಮರಿಯನ್ನು ಮಾರಿದ್ದೇನೆ.

ವಾರ್ಡಿಗೆ ಹೋದವಳೇ ಆಕೆಯ ಕೋಣೆ ತೆಗೆಸಿದೆ. ಪಟ್ಟಿ ಉಜ್ಜಿ ಎರಡೂ ಮಣಿಕಟ್ಟಿನ ಚರ್ಮ ಕಿತ್ತುಹೋಗಿತ್ತು. ಹಿಂದಿನ ದಿನ ಅದು ಬರೀ ಕೆಂಪಗಿತ್ತು. ಮಂಚದ ಬಳಿ ಕೂತು, ಮನೆಯಲ್ಲಿ ಆಡುವ ಹಾಗೆ, “ಯಾವ ಮರಿ ಮಾರೀದಿ ತಂಗಿ?” ಎಂದು ಕೇಳಿದೆ. ಆಕೆಯ ಕೂಗು ಅಲ್ಲಿಗೇ ನಿಂತಿತು. ನನ್ನ ಕಡೆ ತಿರುಗಿದಳು. ಆಮೇಲೆ, “ಬೀರಪ್ಪಗ ಬಿಟ್ಟ ಮರಿರಿ,” ಎಂದಳು.

ಆಕೆ ಹೇಳಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಊರು ಅಕ್ಕಲಕೋಟೆ ತಾಲೂಕಿನ ನಾಗಣಸೂರ. ಗಂಡ ಸಿದ್ದಪ್ಪ ಕುರಿ ಹೊಡೆದುಕೊಂಡು ಹೊರಗೆ ಹೋಗಿದ್ದಾಗ ಹತ್ತು ತಿಂಗಳ ಮಗಳು ಚಂದ್ರಿಗೆ ಜ್ವರ ಬಂತು. ಮನೆಯಲ್ಲಿ ಇದ್ದದ್ದು ಕುಲದೇವರು ಬೀರಪ್ಪನ ಹೆಸರಿನಲ್ಲಿ ಬಿಟ್ಟ ಒಂದೇ ಕುರಿಮರಿ. ದೇವರಿಗೆ ಬಿಟ್ಟದ್ದನ್ನು ಮಾರುವ ಹಾಗಿಲ್ಲ. ಮಾಯವ್ವ ಅದನ್ನು ಅಕ್ಕಲಕೋಟೆಗೆ ಒಯ್ದು ಮಾರಿ, ಕೂಸನ್ನು ಡಾಕ್ಟರಿಗೆ ತೋರಿಸಿದಳು. ಕೂಸು ಉಳಿಯಲಿಲ್ಲ. ಅಂದಿನಿಂದ ಆಕೆ ಉಣ್ಣಲಿಲ್ಲ, ಮಲಗಲಿಲ್ಲ. ಮರಿಯನ್ನು ಹುಡುಕಿ ತಂದರೆ ಕೂಸು ಬರುತ್ತದೆಂದು ಯಾರಿಗೂ ಹೇಳದೆ ಸಂತೆಗೆ ನಡೆದು ಬಂದಳು. ಆಕೆಗೆ ಕಾಯಿಲೆ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ದುಃಖ ಆಕೆಯ ತಲೆಯನ್ನು ಕೆಡಿಸಿತ್ತು. ಆದರೆ ಆಕೆ ಯಾರನ್ನೂ ಕೊಲ್ಲುತ್ತೇನೆ ಎನ್ನಲಿಲ್ಲ. ತಾನು ಮಾಡಿದ ತಪ್ಪನ್ನು ಕಂಡಕಂಡವರ ಮುಂದೆ ಒಪ್ಪಿಕೊಳ್ಳುತ್ತಿದ್ದಳು, ಅಷ್ಟೇ.

ಡಾಕ್ಟರಿಗೆ ಹೋಗಿ ಹೇಳಿದೆ. ಅವರು ಕಾಗದದಿಂದ ತಲೆ ಎತ್ತದೆ, ನೀವು ನರ್ಸೋ ದುಭಾಷಿಯೋ ಎಂದು ಕೇಳಿದರು. ಸಂಬಂಧಿಕರು ಯಾರಾದರೂ ಬಂದಿದ್ದಾರೆಯೇ? ಒಂದು ವಾರದಲ್ಲಿ ಹೇಳುವವರು ಕೇಳುವವರು ಯಾರೂ ಬಾರದ ಹೆಂಗಸನ್ನು ಯಾರ ಕೈಗೆ ಬಿಡಲಿ? ಶನಿವಾರ ಕಾಗದ ಹೋಗುತ್ತದೆ. ಮೇಟ್ರನ್ ಬಾಯಿ ನನ್ನನ್ನು ಹೊರಗೆ ಕರೆದು, ಹೊಸಬಳು ನೀನು, ಬಾಯಿ ಸಣ್ಣದು ಮಾಡು ಎಂದರು. ಪೊಲೀಸರು ಊರು ಗೊತ್ತಿಲ್ಲ ಎಂದು ಬರೆದದ್ದಕ್ಕೆ ಆಕೆಗೆ ಯಾರೂ ಇಲ್ಲ. ಯಾರೂ ಇಲ್ಲದ್ದಕ್ಕೆ ಆಕೆ ಜೀವಮಾನವಿಡೀ ಕಂಬಿಯ ಹಿಂದೆ. ನಾನು ಒಂದು ದಿನದ ರಜೆ ಬರೆದುಕೊಟ್ಟೆ.

ಶುಕ್ರವಾರ ಮನೆಯಿಂದ ನೇರವಾಗಿ ಸ್ಟ್ಯಾಂಡಿಗೆ ಹೋಗಿ ಅಕ್ಕಲಕೋಟೆಯ ಬಸ್ಸು ಹಿಡಿದೆ. ಅಲ್ಲಿಂದ ಒಂದು ಎತ್ತಿನ ಗಾಡಿ. ನಾಗಣಸೂರನ್ನು ನಾನು ಹಿಂದೆ ಕಂಡಿರಲಿಲ್ಲ. ಸಿದ್ದಪ್ಪನ ಮನೆಯನ್ನು ಎರಡು ಕಡೆ ಕೇಳಿ ಹುಡುಕಬೇಕಾಯಿತು. ಅಂಗಳದಲ್ಲಿ ಉಣ್ಣೆ ಬಿಡಿಸುತ್ತ ಕೂತಿದ್ದ ಮುದುಕಿ ತಲೆ ಎತ್ತಿ ನೋಡಿ, ನಕ್ಕಳು. ಆಕೆ ಮಾಯವ್ವನ ಅತ್ತೆ, ಅಮೋಗೆವ್ವ.

“ಮತ್ತ ಬಂದ್ರೇನ್ರಿ ಬಾಯಾರ? ಬರ್ರಿ, ಬರ್ರಿ. ನಮ್ಮ ಗಂಡಸರು ಇನ್ನೂ ಬಂದಿಲ್ರಿ. ಅಲ್ಲೆ ನಿಮಗ ಭೇಟಿ ಆಗಲಿಲ್ಲೇನು?”

ಬೇರೆ ಯಾರೋ ಎಂದುಕೊಂಡಿದ್ದಾಳೆ ಅನಿಸಿತು. “ಅಜ್ಜಿ, ನಾ ಸೊಲ್ಲಾಪುರ ದವಾಖಾನಿ ನರ್ಸ. ನಿಮ್ಮ ಊರಿಗೆ ಇವತ್ತ ಮೊದಲ ಸಲ ಬರಾಕತ್ತೀನಿ,” ಎಂದೆ.

“ಮುದುಕಿ ಅಂತ ಚೇಷ್ಟಿ ಮಾಡತೀರಿ? ಮಂಗಳಾರ ಮಧ್ಯಾಹ್ನ ಇದ ಕಂಬಳಿ ಮ್ಯಾಲ ಕುಂತಿದ್ರಿ. ನಾನ ನೀರ ಕೊಟ್ಟೀನಿ. ಚಾ ಬ್ಯಾಡ ಅಂದ್ರಿ. ಅವತ್ತ ಬಿಳಿ ಸೀರಿ ಇತ್ತು, ಇವತ್ತ ಬಣ್ಣದ್ದು ಉಟ್ಟೀರಿ, ಅಷ್ಟ. ನಿಮ್ಮ ಎಡಗೈಯಾಗಿನ ಸುಟ್ಟ ಕಲಿ ತೋರಸ್ರಿ, ನಾ ಸುಳ್ಳ ಅಂದ್ರ.”

ಸೂಜಿ ಕುದಿಸುವ ಪಾತ್ರೆ ತಗುಲಿ ನನ್ನ ಎಡಗೈಯಲ್ಲಿ ಸುಟ್ಟ ಕಲೆ ಇದೆ. ಅದು ಸೆರಗಿನೊಳಗಿತ್ತು. ಪಕ್ಕದ ಮನೆಯ ಸೊಸೆ ಗೋಡೆಯ ಮೇಲಿಂದ ಇಣುಕಿ, “ಬಾಯಾರು ಬಂದ್ರೇನವಾ?” ಎಂದು ಪರಿಚಯದವಳಂತೆ ಕೇಳಿ ಹೋದಳು. ನಾನು ಕಂಬಳಿಯ ಮೇಲೆ ಕೂತುಬಿಟ್ಟೆ. ಮಂಗಳವಾರ ನಾನು ಏನು ಹೇಳಿದೆ ಎಂದು ಕೇಳಿದೆ.

“ನನಗ ಪರೀಕ್ಷಾ ತಗೋತೀರೇನು? ಹೇಳತೀನಿ ಕೇಳ್ರಿ,” ಎಂದು ಮುದುಕಿ ಉಣ್ಣೆ ಕೆಳಗಿಟ್ಟಳು. “ಮಾಯವ್ವ ಸೊಲ್ಲಾಪುರದಾಗ ಅದಾಳ ಅಂದ್ರಿ. ಆಕಿ ಮರಿ ಮಾರೀನಿ ಅಂತಾಳ, ಅಲ್ಲಿ ಮಂದಿಗೆ ಅದು ಕೊಲ್ಲತೀನಿ ಅಂದಂಗ ಕೇಳತೈತಿ ಅಂದ್ರಿ. ಲಗೂನ ಹೋಗಿ ಬಿಡಿಸಿಕೊಂಡ ಬರ್ರಿ, ಬಂದ ಮ್ಯಾಲ ಬೈಬ್ಯಾಡ್ರಿ ಅಂದ್ರಿ. ಮರಿ ಮಾತ ತಗದ್ರ ಬಾಯಿ ಮುಚ್ಚಸಬ್ಯಾಡ್ರಿ, ಬಾಜೂಕ ಕುಂತ ಕೇಳ್ರಿ, ಕೂಸಿನ ಹೆಸರ ಹಿಡದ ಮಾತಾಡ್ರಿ, ಊಟ ಆಮ್ಯಾಲ ತಾನ ಮಾಡತಾಳ ಅಂದ್ರಿ. ಎರಡೂ ಮುಂಗೈ ಸುಲದಾವು, ಬೆಣ್ಣಿ ಹಚ್ಚರಿ ಅಂದ್ರಿ. ನಾ ಅವತ್ತಿಂದ ಬೆಣ್ಣಿ ತಗದ ಇಟ್ಟೀನಿ.”

ಈ ಮಾತುಗಳನ್ನು ನಾನು ಅಂದೇ ಸಂಜೆ ಬಸ್ಸಿನಲ್ಲಿ ಕೂತು ಬರೆದಿಟ್ಟುಕೊಂಡೆ. ಯಾಕೆಂದು ಗಮನಿಸಿ. ‘ಮಾರೀನಿ’ ನನಗೆ ಅರ್ಥವಾದದ್ದು ಗುರುವಾರ. ನಾಗಣಸೂರ ಎಂಬ ಹೆಸರು ನನಗೆ ತಿಳಿದದ್ದೂ ಗುರುವಾರ. ಮುಂಗೈ ಸುಲಿದದ್ದು ನಾನು ಮಂಗಳವಾರ ಕಟ್ಟಿದ ಪಟ್ಟಿಯಿಂದ, ಅದೂ ಎರಡು ದಿನ ಉಜ್ಜಿದ ಮೇಲೆ. ಇನ್ನು ಬಾಜೂಕ, ಅಂದರೆ ಪಕ್ಕದಲ್ಲಿ, ಕೂಡಬೇಕು, ಹೆಸರು ಹಿಡಿದು ಮಾತಾಡಬೇಕು ಎಂಬುದು ಯಾವ ದಿನವೂ ನನಗೆ ಗೊತ್ತಿರಲಿಲ್ಲ. ನನಗೆ ಅದನ್ನು ಯಾರೂ ಕಲಿಸಿರಲಿಲ್ಲ. ಕಟ್ಟುವುದನ್ನು ಕಲಿಸಿದ್ದರು.

ಹೊರಡುವಾಗ ಮುದುಕಿ ನನ್ನ ಮುಖವನ್ನು ಮತ್ತೊಮ್ಮೆ ದಿಟ್ಟಿಸಿ, “ಅವತ್ತ ನೀವು ಭಾಳ ಅತ್ತಿರಿ ಬಾಯಾರ. ಇವತ್ತ ಜರಾ ಚಲೋ ಅದೀರಿ,” ಎಂದಳು.

ಗಂಡ ಸಿದ್ದಪ್ಪ ಮತ್ತು ಮಾವ ಬುಧವಾರ ಬೆಳಿಗ್ಗೆಯೇ ಸೊಲ್ಲಾಪುರಕ್ಕೆ ಹೊರಟಿದ್ದರಂತೆ. ನಾನು ಕತ್ತಲಾಗುವ ಹೊತ್ತಿಗೆ ದವಾಖಾನೆ ಮುಟ್ಟಿದೆ. ಗೇಟಿನ ಎದುರು ಬೇವಿನ ಮರದ ಕೆಳಗೆ ಕಂಬಳಿ ಹೊದ್ದ ಇಬ್ಬರು ನನ್ನನ್ನು ಕಂಡು ಎದ್ದು ನಿಂತು ಕೈಮುಗಿದರು. ಮೂರು ದಿನದಿಂದ ಅಲ್ಲಿದ್ದರು. ಕಾವಲುಗಾರನನ್ನು ಕೇಳಿದೆ. ಬುಧವಾರದಿಂದ ಕೂತಿದ್ದಾರೆ, ಆ ವಾರ್ಡಿಗೆ ಭೇಟಿ ಇಲ್ಲವೆಂದು ಹತ್ತು ಸಲ ಹೇಳಿದರೂ ಏಳುವುದಿಲ್ಲ, ಅದೇನೋ ಕಾನಡಿ ಬಡಬಡಿಸುತ್ತಾರೆ ಎಂದ. ಕಾನಡಿ ಎಂದರೆ ಮರಾಠಿಯವರ ಬಾಯಲ್ಲಿ ಕನ್ನಡ. ಒಳಗೆ ಸಂಬಂಧಿಕರಿಲ್ಲವೆಂದು ಹೆಂಡತಿಯನ್ನು ಊರು ಬಿಡಿಸುವ ಕಾಗದ ತಯಾರಾಗುತ್ತಿದೆ, ಹೊರಗೆ ಗಂಡ ಮರದ ಕೆಳಗೆ ಕೂತಿದ್ದಾನೆ. ನಡುವೆ ಒಂದು ಗೇಟು.

“ನಿನ್ನಿ ಮೊನ್ನಿ ಎರಡೂ ದಿನ ನೀವು ಹಾದ ಹೋದ್ರಿ ಬಾಯಾರ,” ಎಂದ ಸಿದ್ದಪ್ಪ. ದೂರುವ ದನಿ ಇರಲಿಲ್ಲ. “ನಾವು ಎದ್ದ ನಿಂತ್ವಿ. ನೀವ ಬಾ ಅಂದವರು, ನೋಡಲಿಲ್ಲ. ಗಡಬಡ್ಯಾಗ ಇರಬೇಕ ಅಂತ ಸುಮ್ಮನಾದ್ವಿ.”

ಶನಿವಾರ ಬೆಳಿಗ್ಗೆ ಇಬ್ಬರನ್ನೂ ಕೈಹಿಡಿದು ಡಾಕ್ಟರ ಕೋಣೆಗೆ ಕರೆದೊಯ್ದೆ. ಕಾವಲುಗಾರ ತಡೆದ, ನಾನು ನಿಲ್ಲಲಿಲ್ಲ. ಜೀವನದಲ್ಲಿ ಅಷ್ಟು ಜೋರಾಗಿ ನಾನು ಯಾರ ಮುಂದೆಯೂ ಮಾತಾಡಿರಲಿಲ್ಲ. ಡಾಕ್ಟರು ಮೊದಲು ಕೆಂಪಾದರು. ಆಮೇಲೆ, ನನ್ನ ಬಾಯಿ ಮುಚ್ಚಿಸಲೆಂದೇ ಇರಬೇಕು, ನೆಲ ಒರೆಸುತ್ತಿದ್ದ ಆಯಾ ಯಲ್ಲವ್ವನನ್ನು ಕರೆದು, ಕಾನಡಿಯಲ್ಲಿ ಮಾರೀನಿ ಎಂದರೆ ಏನೆಂದು ಕೇಳಿದರು.

“ವಿಕಲಂ, ಸಾಹೇಬ,” ಎಂದಳು ಯಲ್ಲವ್ವ. ಮಾರಿದೆ ಎಂದು.

ಒಂಬತ್ತು ದಿನದಿಂದ ಆ ಕೂಗು ಕೇಳುತ್ತ ನೆಲ ಒರೆಸಿದ್ದೀಯಲ್ಲ, ಯಾಕೆ ಹೇಳಲಿಲ್ಲ ಎಂದು ಅವರು ಗದರಿದರು.

ಯಲ್ಲವ್ವ ಬಟ್ಟೆ ಹಿಂಡುತ್ತ, “ಕುಣೀ ವಿಚಾರಲಂ?” ಎಂದಳು. ಯಾರು ಕೇಳಿದರು?

ಡಾಕ್ಟರು ಕಾಗದ ಎಳೆದುಕೊಂಡರು. ತಪ್ಪಾಯಿತೆಂದು ಬರೆದರೆಂದುಕೊಂಡಿರಾ? ‘ಚಿಕಿತ್ಸೆಯಿಂದ ಗುಣ ಕಂಡಿದೆ, ಸಂಬಂಧಿಕರ ವಶಕ್ಕೆ ಕೊಡಲಾಗಿದೆ’ ಎಂದು ಬರೆದರು. ಕೊಲ್ಲುತ್ತೇನೆ ಎಂಬ ಹಳೆಯ ಸಾಲನ್ನು ಹೊಡೆದುಹಾಕಿ ಎಂದು ನಾನು ಕೇಳಿಕೊಂಡೆ. ಒಪ್ಪಲಿಲ್ಲ. ಆ ಸಾಲು ಅವರ ಅಕ್ಷರದಲ್ಲಿ ಇಂದಿಗೂ ಯಾವುದೋ ಕಪಾಟಿನಲ್ಲಿ ಇರಬೇಕು. ಮಾಯವ್ವನ ಎರಡು ಸುಲಿದ ಮುಂಗೈಗಳ ಬಗ್ಗೆ ಯಾವ ಪುಟದಲ್ಲೂ ಒಂದು ಅಕ್ಷರವಿಲ್ಲ. ಆಕೆಯನ್ನು ಕರೆದುಕೊಂಡು ಇಬ್ಬರೂ ಹೋದರು. ಮುಂದಿನ ವಾರ ನನ್ನನ್ನು ಬೇರೆ ವಾರ್ಡಿಗೆ ಹಾಕಿದರು.

ಆಮೇಲೆ ನಾನು ಮಾಡಬಹುದಾದ ವಿಚಾರಣೆಯನ್ನೆಲ್ಲ ಮಾಡಿದೆ. ನಮ್ಮಲ್ಲಿ ಕನ್ನಡ ಬಲ್ಲ ನರ್ಸುಗಳು ಇನ್ನಿಬ್ಬರಿದ್ದರು. ಅವರು ನಾಗಣಸೂರದ ಹೆಸರನ್ನೇ ಕೇಳಿರಲಿಲ್ಲ. ದೇವಿ ಹಾಕುವ, ಅಂದರೆ ಸಿಡುಬಿನ ಲಸಿಕೆ ಹಾಕುವ, ಸರಕಾರಿ ಹೆಂಗಸರು ಆ ವಾರ ಆ ಕಡೆ ಹೋಗಿರಲಿಲ್ಲ, ಹೋಗಿದ್ದರೂ ಅವರಿಗೆ ಮಾಯವ್ವ ಗೊತ್ತಿಲ್ಲ. ಮುದುಕಿಗೆ ದಿನ ತಪ್ಪಿರಬಹುದು ಎಂದುಕೊಂಡೆ. ಆದರೆ ಗಂಡಸರು ಬುಧವಾರವೇ ಗೇಟಿನಲ್ಲಿದ್ದರು, ಅದಕ್ಕೆ ಕಾವಲುಗಾರ ಸಾಕ್ಷಿ. ಯಾರೋ ಹೇಳದೆ ಅವರು ಬರುವುದು ಹೇಗೆ? ವಾರ್ಡಿನ ಪುಸ್ತಕ ತೆಗೆದು ನೋಡಿದೆ. ಮಂಗಳವಾರ, ಹನ್ನೆರಡೂವರೆ, ನನ್ನ ಸಹಿ.

ರಜೆ ಸಿಕ್ಕಾಗ ಮೂರು ನಾಲ್ಕು ಸಲ ನಾಗಣಸೂರಿಗೆ ಹೋದೆ. ಯಾರೂ ಕಳಿಸಿದ್ದಲ್ಲ, ಆಗ ಮನೆಗೆ ಹೋಗಿ ರೋಗಿಯನ್ನು ನೋಡುವ ಪದ್ಧತಿಯೇ ಇರಲಿಲ್ಲ. ಮುದುಕಿ ತಾನು ಕೇಳಿದ್ದನ್ನು ಚಾಚೂ ತಪ್ಪದೆ ನಡೆಸುತ್ತಿದ್ದಳು. ಸೊಸೆಯ ಬಾಜೂಕ ಕೂಡುತ್ತಿದ್ದಳು, ಚಂದ್ರಿಯ ಹೆಸರು ಹಿಡಿದು ಮಾತಾಡುತ್ತಿದ್ದಳು. ಮಾಯವ್ವ ನಿಧಾನವಾಗಿ ಉಣ್ಣತೊಡಗಿದಳು, ಮಲಗತೊಡಗಿದಳು. ಮುಂದೆ ನಾನು ನೂರಾರು ಮನೆಗಳಲ್ಲಿ ಹೇಳಿದ ಬುದ್ಧಿಮಾತು ಅದೇ. ಅದನ್ನು ನಾನು ಕಲಿತದ್ದು ಅಮೋಗೆವ್ವನಿಂದ. ಆಕೆ ಕಲಿತದ್ದು ನನ್ನಿಂದಂತೆ.

ಕೊನೆಯ ಸಲ ಹೋದಾಗ ಮಾಯವ್ವನನ್ನೇ ಕೇಳಿದೆ. ಆ ಮಂಗಳವಾರದ್ದು ಏನು ತಂಗಿ, ನಿನಗೇನಾದರೂ ಗೊತ್ತೇ ಎಂದು. ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

“ನಾನ ಕಳಸೀನಲ್ರಿ ನಿಮಗ,” ಎಂದಳು. “ನೀವು ಕೈ ಕಟ್ಟಾಕ ಬಗ್ಗಿದ್ರಲಾ, ಆವಾಗ ಅಂದ್ನಿ. ಅಕ್ಕಾ, ನಾಗಣಸೂರಕ್ಕ ಹೋಗಿ ನಮ್ಮ ಅತ್ತಿಗೆ ಒಂದ ಮಾತ ಹೇಳು ಅಂದ್ನಿ. ನೀವು ಹೂಂ ಅಂದ್ರಿ.”

ಅಂದಿರಬೇಕು. ಆ ವಾರ್ಡಿನಲ್ಲಿ ನಾವು ಎಲ್ಲರಿಗೂ, ಎಲ್ಲದಕ್ಕೂ ಹೂಂ ಅನ್ನುತ್ತಿದ್ದೆವು. ಕೇಳಿಸಿತು ಎಂದು ಅದರ ಅರ್ಥವಲ್ಲ, ಸುಮ್ಮನಿರು ಎಂದು. ಹೂಂ ಅಂದವಳು ನಾನೇ, ಅದರಲ್ಲಿ ಅನುಮಾನವಿಲ್ಲ. ಅಂದು ಗಂಟನ್ನು ಇನ್ನೊಮ್ಮೆ ಎಳೆದು ನೋಡಿ, ಕೈ ತೊಳೆದು, ಊಟಕ್ಕೆ ಹೋದವಳೂ ನಾನೇ. ಆ ಮಾತನ್ನು ಕೇಳಿಸಿಕೊಂಡು, ಅಳುತ್ತ ನಾಗಣಸೂರಿಗೆ ಹೋದದ್ದು ಯಾರು?